ನೆಲದ ತಂತಿ

ಅರವತ್ತು ವಾಟು ಒಳಗೆ ಹೋಗಿ
ನಲವತ್ತೊಂದು ಹೊರಗೆ ಬರುತ್ತಿತ್ತು.
ಉಳಿದ ಹತ್ತೊಂಬತ್ತರ ಲೆಕ್ಕ ಬೇಕೆಂದರೆ
ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬೆರಳಿಡಬೇಕು,
ರಸೀದಿಗೆ ಒಂದು ಬೊಬ್ಬೆ ಸಿಗುತ್ತದೆ.

ನೌಬಾದಿನ ಪಾಲಿಟೆಕ್ನಿಕ್ಕು, ಚೈತ್ರದ ಮಧ್ಯಾಹ್ನ,
ಫ್ಯಾನು ನಿಲ್ಲಿಸಿ ಕೂತಿದ್ದೆವು,
ಅದರ ಮೋಟಾರೂ ಗೊರ್ ಎಂದು ಒಳಗೆ ನುಸುಳೀತೆಂದು.

ವೈಜನಾಥ ಕಾಕಾ ವಾಲ್ವುಗಳ ಕಾಲದವರು.
"ನಮ್ಮ ಟ್ರಾನ್ಸ್‌ಮಿಟರಿಗೆ ಸುಡೂದೇ ಧರ್ಮ ಇತ್ತು.
ಮಾತಾಡ್ಲಿ, ಸುಮ್ಮನಿರ್ಲಿ,
ಅದರ ಮ್ಯಾಲ ಚಹಾದ ಭಗೋಣಿ ಕುದೀತಿತ್ತು."

ಇದು ಹಾಗಲ್ಲ.
ಇದು ದನಿಯನ್ನು ತುಂಡು ತುಂಡಾಗಿ ಕೇಳುತ್ತದೆ.
ಗಟ್ಟಿ ದನಿಗೆ ಅಗಲ ಮಿಡಿತ, ಮೆತ್ತನೆಯದಕ್ಕೆ ಸಪೂರ,
ಎತ್ತರ ಮಾತ್ರ ಎಲ್ಲಕ್ಕೂ ಒಂದೇ.
ಸ್ವಿಚ್ಚು ತೆರೆದರೆ ಪೂರ್ತಿ, ಮುಚ್ಚಿದರೆ ಪೂರ್ತಿ;
ಆ ಎರಡರಲ್ಲೂ ಅಂಥ ಖರ್ಚಿಲ್ಲ.
ಸುಡುವುದು ನಡುವೆ,
ಹೌದೋ ಅಲ್ಲವೋ ಎಂದು ಹೊಸ್ತಿಲ ಮೇಲೆ ನಿಂತ
ಅಷ್ಟು ಹೊತ್ತು.
(ನಮ್ಮ ಮನೆಯ ಮದುವೆ ಮಾತುಕತೆಗಳಲ್ಲಿ
ಈ ಶಾಖವನ್ನು ನಾನು ನೋಡಿದ್ದೇನೆ.)

ಊರಾಚೆ ಬಹಮನಿ ಕಾಲದ ಸುರಂಗ ಬಾವಿ,
ಅಷ್ಟಷ್ಟು ದೂರಕ್ಕೆ ಒಂದೊಂದು ಬಾಯಿ.
ಒಂದರಲ್ಲಿ ಬಗ್ಗಿದರೆ ನೀರು, ಆಮೇಲೆ ಬರೀ ಕೆಂಪುಕಲ್ಲು,
ಮತ್ತೊಂದರಲ್ಲಿ ಅದೇ ನೀರು.
ಝರೀನಾಳಿಗೆ ತೋರಿಸಿ ಹೇಳಿದ್ದೆ:
ಮಿಡಿತ ಅಂದರೆ ಈ ಬಾಯಿ, ಕೆಳಗೆ ಹರಿಯುವುದು ಒಂದೇ.
ಅವಳು ಕಲ್ಲೆಸೆದು, ಡುಬುಕ್ ಅನ್ನುವ ತನಕ ಕಾದು,
"ಬಾಯಿ ಭಾಳ ದೂರ ದೂರ ಇದ್ರ
ನಡುವ ನೀರು ಹೊಳ್ಳಿದ್ದು ಗೊತ್ತಾಗಂಗಿಲ್ಲಲ್ಲ ಮೇಡಂ?"
ಆ ಅಧ್ಯಾಯವನ್ನು ನಾನು ಆಮೇಲೆ ಕಲಿಸಲಿಲ್ಲ.

ಮೊದಲು ಹೊಸ್ತಿಲ ಹೊತ್ತನ್ನು ಕಡಿದೆವು,
ಗೇಟನ್ನು ಜೋರಾಗಿ ನೂಕುವ ಹೊಸ ಚಿಪ್ಪು.
ನಲವತ್ತೊಂಬತ್ತು! ರೆಕ್ಕೆ ತಣ್ಣಗೆ.
ಆದರೆ ಬಾಗಿಲನ್ನು ಧಡ್ ಎಂದು ಹಾಕಿದರೆ
ಮಾಡದ ಬಟ್ಟಲುಗಳೆಲ್ಲ ಅದುರುತ್ತವಲ್ಲ,
ಹಾಗೆ ಪ್ರತಿ ಅಂಚಿಗೂ ಒಂದು ನಡುಕ,
ಪಕ್ಕದ ಕೋಣೆಯ ರೇಡಿಯೋದಲ್ಲಿ
ಹುರಿದ ಜೋಳ ಸಿಡಿದಂತೆ.

ಹತ್ತು ಓಮಿನ ಒಂದು ತಡೆ ಇಟ್ಟೆವು.
ಝರೀನಾ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದಳು,
ಮೆಹಂದಿಯ ಗೆರೆಗಳ ನಡುವೆ ಬಿಡುವಷ್ಟೇ
ಅಂತರ ಬಿಟ್ಟು.
ಒಂದು ವಾಟು ಹೋಯಿತು. ಸಿಡಿತ ಅರ್ಧಕ್ಕಿಳಿಯಿತು, ಆಮೇಲೆ ಕಾಲಕ್ಕೆ.
ವ್ಯಾಪಾರ ಪರವಾಗಿಲ್ಲ.

ಉಳಿದದ್ದು ಒಂದು ಗುಂಯ್.
ಬೆಳಿಗ್ಗೆ ಇರುತ್ತಿರಲಿಲ್ಲ, ಊಟದ ಹೊತ್ತಿಗೆ ಬಂದು ಕೂರುತ್ತಿತ್ತು.
ಮೂರು ವಾರ ಹುಡುಕಿದೆವು:
ಫಿಲ್ಟರು, ಬೆಸುಗೆ, ನನ್ನ ಗಣಿತ;
ಏನೂ ಮಾಡದ ಲೇಥು ಮಷೀನನ್ನೂ ಬೈದಾಯಿತು.

ಹಿಡಿದವಳು ತುಳಜಾಬಾಯಿ.
ಕಸ ಗುಡಿಸುತ್ತ, ಕಿಟಕಿಯಾಚೆ ನೆಲಕ್ಕಿಳಿದ
ತಾಮ್ರದ ಪಟ್ಟಿ ನೋಡಿ,
"ಇದರ ಬುಡ ಒಣಗ್ಯಾದ ನೋಡ್ರಿ.
ಮುಂಜಾನಿ ಬಕೀಟು ತೊಳ್ದ ನೀರು ಇಲ್ಲೇ ಚೆಲ್ತೀನಿ,
ಮಧ್ಯಾಹ್ನಕ್ಕ ಕಲ್ಲು ಕುಡ್ದು ಬಿಡ್ತದ."

ಉಪ್ಪು, ಇದ್ದಿಲು, ಎರಡು ಕೊಡ ನೀರು.
ನೆಲ ಸುಸ್ ಎಂದು ಎಳೆದುಕೊಂಡಿತು.
ಒಳಗೆ ಗುಂಯ್ ನಿಂತಿತು.

ವೈಜನಾಥ ಕಾಕಾ ರೇಡಿಯೋಗೆ ಕಿವಿ ಹಚ್ಚಿ
"ಬಂದ್ ಬಿತ್ತೇನ?" ಅಂದರು.
ಇಲ್ಲ ಕಾಕಾ, ಚಾಲೂ ಅದ.
ಝರೀನಾ ಮೈಕಿನ ಮುಂದೆ ಏನು ಹೇಳಲೆಂದು
ಯೋಚಿಸುತ್ತ ನಿಂತಿದ್ದಳು;
ಅವಳ ಉಸಿರು ಬರುತ್ತಿತ್ತು.

ಆ ದಿನದ ರಿಜಿಸ್ಟರಿನಲ್ಲಿ ಬರೆದಿದ್ದೇನೆ:
ಒಳಗೆ ಅರವತ್ತು, ಹೊರಗೆ ನಲವತ್ತೆಂಟು.
ನೀರು, ಎರಡು ಕೊಡ, ದಿನಾ, ತುಳಜಾಬಾಯಿ.